ಜಾಲತಾಣಗಳೂ ಆವೃತ್ತಿ ನಿಯಂತ್ರಣವೂ

ಬರೆದುದನ್ನು ತಿದ್ದುವುದು ಬರವಣಿಗೆಯಷ್ಟೇ ಹಳೆಯ ಕೆಲಸ. ಓಲೆಗರಿಗಳ ಮೇಲೆ ಕಾವ್ಯಗಳನ್ನು ಪ್ರತಿಮಾಡುತ್ತಿದ್ದ ಕಾಲದಲ್ಲಿ ಒಬ್ಬ ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟನು. ಇನ್ನೊಬ್ಬನು ತನಗೆ ತಿಳಿಯದ ಶಬ್ದವಿದ್ದೆಡೆ ತಿಳಿದ ಶಬ್ದವನ್ನಿಟ್ಟನು. ಹೀಗೆ ಒಂದೇ ಕಾವ್ಯಕ್ಕೆ ಹಲವು ಪ್ರತಿಗಳೂ, ಪ್ರತಿಗೊಂದು ಪಾಠಾಂತರವೂ ಆದುವು. ಯಾವುದು ಮೊದಲಿನ ಪಾಠ, ಯಾರು ಏಕೆ ಬದಲಿಸಿದರು ಎಂಬುದನ್ನು ಓಲೆ ತಾನಾಗಿ ಹೇಳುವುದಿಲ್ಲ. ಅದನ್ನು ವಿಚಾರಮಾಡಿ ನಿರ್ಣಯಿಸುವುದಕ್ಕಾಗಿ ಗ್ರಂಥಸಂಪಾದನೆ ಎಂಬ ಒಂದು ಶಾಸ್ತ್ರವೇ ಬೇಕಾಯಿತು. ಇಂದು ಕಂಪ್ಯೂಟರಿನ ಮೇಲೆ ಜಾಲತಾಣಗಳನ್ನು ಕಟ್ಟುವವರಿಗೂ ಇದೇ ಬಗೆಯ ತೊಡಕು ಎದುರಾಗುತ್ತದೆ. ಆದರೆ ಅವರು ಊಹೆಯನ್ನು ನೆಚ್ಚಬೇಕಾಗಿಲ್ಲ. ಪ್ರತಿಯೊಂದು ತಿದ್ದುಪಡಿಯನ್ನೂ ಅದು ನಡೆದ ಹೊತ್ತಿನಲ್ಲಿಯೇ ದಾಖಲೆಮಾಡಿಡುವ ಉಪಾಯವೊಂದು ಅವರ ಕೈಯಲ್ಲಿದೆ. ಅದಕ್ಕೆ ವರ್ಷನ್ ಕಂಟ್ರೋಲ್, ಎಂದರೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಅದರ ಸ್ವರೂಪವನ್ನೂ, ತಾಣವನ್ನು ಲೋಕದ ಮುಂದಿಡುವಾಗ ಅದರಿಂದಾಗುವ ಪ್ರಯೋಜನವನ್ನೂ ಇಲ್ಲಿ ಸ್ಥೂಲವಾಗಿ ನೋಡೋಣ.

ಜಾಲತಾಣವೆಂದರೆ ಮೂಲತಃ ಕಡತಗಳ ಒಂದು ಕಟ್ಟು. ಪುಟದ ವಿಷಯವನ್ನು ಹೇಳುವ ಎಚ್‌ಟಿಎಂಎಲ್ ಕಡತಗಳು, ಬಣ್ಣ ಅಳತೆಗಳನ್ನು ಹೇಳುವ ಸಿಎಸ್‌ಎಸ್ ಕಡತಗಳು, ಓದುಗನು ಗುಂಡಿಯೊತ್ತಿದಾಗ ಕೆಲಸಮಾಡುವ ಜಾವಾಸ್ಕ್ರಿಪ್ಟ್ ಕಡತಗಳು, ಸರ್ವರಿನ ಒಳಗೇ ನಡೆಯುವ ಪಿಎಚ್‌ಪಿ ಅಥವಾ ಪೈಥಾನ್ ಬರಹಗಳು, ಇವೆಲ್ಲ ಸೇರಿ ಒಂದು ತಾಣವಾಗುತ್ತದೆ. ಇವುಗಳ ಒಂದು ಪ್ರತಿ ಕಟ್ಟುವವನ ಮೇಜಿನ ಮೇಲಿನ ಯಂತ್ರದಲ್ಲಿರುತ್ತದೆ. ಲೋಕವೆಲ್ಲ ನೋಡತಕ್ಕ ಇನ್ನೊಂದು ಪ್ರತಿ ಸರ್ವರಿನಲ್ಲಿರುತ್ತದೆ. ಕೆಲಸಮಾಡುವವರು ಇಬ್ಬರಾದರೆ ಪ್ರತಿಗಳು ಮೂರಾದುವು. ತೊಡಕು ಹುಟ್ಟುವುದು ಇಲ್ಲಿಯೇ.

ಒಂದು ಕಾಲೇಜಿನ ತಾಣವನ್ನು ಇಬ್ಬರು ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದಾರೆಂದು ಭಾವಿಸೋಣ. ಪರೀಕ್ಷಾ ಶುಲ್ಕವನ್ನು ಕಟ್ಟಲು 20ನೆಯ ತಾರೀಖು ಕೊನೆಯ ದಿನವೆಂದಿದ್ದುದು 15ಕ್ಕೆ ಹಿಂದಾಯಿತು. ಮೊದಲನೆಯವನು ಅವಸರದಲ್ಲಿ ನೇರವಾಗಿ ಸರ್ವರಿನಲ್ಲಿಯೇ ಆ ಅಂಕಿಯನ್ನು ತಿದ್ದಿದನು. ಎರಡನೆಯವನಿಗೆ ಇದು ತಿಳಿಯದು. ಅವನು ತನ್ನ ಯಂತ್ರದಲ್ಲಿ ಅದೇ ಪುಟಕ್ಕೆ ಗ್ರಂಥಾಲಯದ ವೇಳೆಯನ್ನು ಸೇರಿಸಿ, ಸಂಜೆಗೆ ಇಡೀ ಕಡತವನ್ನು ಸರ್ವರಿಗೆ ಕಳುಹಿಸಿದನು. ಅವನ ಪ್ರತಿಯಲ್ಲಿ ಹಳೆಯ ತಾರೀಖೇ ಇದ್ದುದರಿಂದ 15 ಅಳಿಸಿಹೋಗಿ ಮತ್ತೆ 20 ಬಂದಿತು. ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದಾರೆ. ಆದರೆ ದೂರದ ಹಳ್ಳಿಯಿಂದ ಓಡಾಡುವ ಒಬ್ಬ ವಿದ್ಯಾರ್ಥಿನಿ ಆ ಪುಟವನ್ನು ನಂಬಿ 18ರಂದು ಹಣ ತಂದರೆ ಆಕೆ ದಂಡ ತೆರಬೇಕಾದೀತು, ಪರೀಕ್ಷೆಗೇ ಸಂಚಕಾರ ಬಂದೀತು. ಪುಟದಲ್ಲಿ ಯಾವ ದಿನ ಏನಿತ್ತು, ಅದನ್ನು ಯಾರು ಬದಲಿಸಿದರು ಎಂದು ಪ್ರಿನ್ಸಿಪಾಲರು ಕೇಳಿದರೆ ಉತ್ತರ ಹೇಳಲು ಒಂದು ಸಾಕ್ಷಿಯೂ ಉಳಿದಿರುವುದಿಲ್ಲ.

ಇದಕ್ಕೆ ಸಾಮಾನ್ಯರು ಮಾಡಿಕೊಳ್ಳುವ ಪರಿಹಾರ ಎಲ್ಲರಿಗೂ ಗೊತ್ತಿರುವುದೇ. ಕಡತಕ್ಕೆ 'ಹೊಸದು' ಎಂದು ಹೆಸರಿಟ್ಟು ಒಂದು ಪ್ರತಿ, 'ಕೊನೆಯದು' ಎಂದು ಇನ್ನೊಂದು, 'ನಿಜವಾಗಿಯೂ ಕೊನೆಯದು' ಎಂದು ಮತ್ತೊಂದು! ತಿಂಗಳು ಕಳೆಯುವುದರೊಳಗೆ ಯಾವುದರಲ್ಲಿ ಏನಿದೆಯೆಂಬುದು ಇಟ್ಟವನಿಗೇ ಮರೆತುಹೋಗಿರುತ್ತದೆ.

ಕ್ರಮಬದ್ಧವಾದ ಪರಿಹಾರವನ್ನು ಹುಡುಕುವ ಪ್ರಯತ್ನ ಜಾಲತಾಣಗಳಿಗಿಂತ ಹಳೆಯದು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬವರು ಎಸ್‌ಸಿಸಿಎಸ್ ಎಂಬ ಸಾಧನವನ್ನು ರಚಿಸಿದರು. ಅನಂತರ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ವಾಲ್ಟರ್ ಟಿಕಿ ಎಂಬವರ ಆರ್‌ಸಿಎಸ್ 1982ರಲ್ಲಿ ಹೊರಬಂದಿತು. ಇವುಗಳಲ್ಲಿ ಒಬ್ಬನು ಕಡತವನ್ನು ತಿದ್ದಲು ಬೀಗ ಹಾಕಿಕೊಂಡರೆ, ಅವನು ಬಿಡುವವರೆಗೆ ಇನ್ನೊಬ್ಬನು ಕಾಯಬೇಕಾಗಿತ್ತು. ಆಮ್‌ಸ್ಟರ್‌ಡ್ಯಾಮ್ ನಗರದ ಅಧ್ಯಾಪಕ ಡಿಕ್ ಗ್ರೂನೆ ಅವರು ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಕೆಲಸಮಾಡುತ್ತಿದ್ದಾಗ ಮೂವರ ವೇಳೆಗಳೂ ಹೊಂದುತ್ತಿರಲಿಲ್ಲ. ಒಬ್ಬರಿಗೊಬ್ಬರು ಕಾಯದೆ ಕೆಲಸ ಸಾಗಲೆಂದು ಅವರು 1986ರಲ್ಲಿ ಪ್ರಕಟಿಸಿದ ಸಾಧನ ಸಿವಿಎಸ್. ಅದರ ಕೊರತೆಗಳನ್ನು ನೀಗಿಸಲು 2000ದಲ್ಲಿ ಸಬ್‌ವರ್ಷನ್ ಎಂಬುದರ ಕೆಲಸ ಪ್ರಾರಂಭವಾಯಿತು. ಸಿವಿಎಸ್, ಸಬ್‌ವರ್ಷನ್ ಇವೆರಡರಲ್ಲೂ ಇತಿಹಾಸವೆಲ್ಲ ಇರುವುದು ನಡುವಣ ಒಂದೇ ಭಂಡಾರದಲ್ಲಿ. ಆ ಯಂತ್ರ ನಿಂತರೆ ಹಳೆಯ ದಾಖಲೆಗಳನ್ನು ನೋಡುವುದೂ ನಿಂತಂತೆ.

ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವುದು ಗಿಟ್. ಇದರ ಹುಟ್ಟು ಸ್ವಾರಸ್ಯವಾದದ್ದು. ಲಿನಕ್ಸ್ ಕರ್ನಲ್ ಎಂಬ ಬೃಹತ್ ಕೃತಿಯನ್ನು ಲೋಕದ ನಾನಾ ಭಾಗಗಳ ಜನ ಕೂಡಿ ಬರೆಯುತ್ತಾರೆ. ಅವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಉಚಿತವಾಗಿ ಬಳಸುತ್ತಿದ್ದರು. 2005ರಲ್ಲಿ ಆ ಅನುಮತಿ ತಪ್ಪಿಹೋಯಿತು. ಆಗ ಲಿನಕ್ಸ್‌ನ ಕರ್ತೃ ಲೀನಸ್ ಟೋರ್ವಾಲ್ಡ್ಸ್ ಅವರು ಏಪ್ರಿಲ್ 3ರಂದು ಹೊಸ ಸಾಧನವೊಂದನ್ನು ಬರೆಯತೊಡಗಿದರು. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನ ಇತಿಹಾಸವನ್ನು ತಾನೇ ಬರೆದುಕೊಳ್ಳುವಷ್ಟು ಬೆಳೆದಿತ್ತು. ಅದೇ ವರ್ಷದ ಜುಲೈಯಲ್ಲಿ ಅದರ ಮೇಲ್ವಿಚಾರಣೆ ಜೂನಿಯೊ ಹಮಾನೊ ಅವರ ಕೈಗೆ ಬಂದಿತು. 2008ರಲ್ಲಿ ಪ್ರಾರಂಭವಾದ ಗಿಟ್‌ಹಬ್ ಗಿಟ್ ಭಂಡಾರಗಳನ್ನಿಡಲು ಸ್ಥಳವೊದಗಿಸುವ ಒಂದು ಸಂಸ್ಥೆ. ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ಹೊಸಬರು ನೆನಪಿಡುವುದು ಒಳ್ಳೆಯದು.

ಗಿಟ್ ಕೆಲಸಮಾಡುವ ರೀತಿಯನ್ನು ತಿಳಿಯಲು ನಮ್ಮ ಅಂಗಡಿಗಳ ಖಿರ್ದಿ ಪುಸ್ತಕವನ್ನು ನೆನೆದರೆ ಸಾಕು. ಒಳ್ಳೆಯ ಗುಮಾಸ್ತನು ಖಿರ್ದಿಯಲ್ಲಿ ಬರೆದುದನ್ನು ಕೆರೆದು ಅಳಿಸುವುದಿಲ್ಲ. ತಪ್ಪು ಜಮೆ ಬಿದ್ದಿದ್ದರೆ ಅದಕ್ಕೆ ಎದುರಾಗಿ ಇನ್ನೊಂದು ನಮೂದನ್ನು ಬರೆದು ಲೆಕ್ಕವನ್ನು ಸರಿಪಡಿಸುತ್ತಾನೆ. ತಪ್ಪೂ ಉಳಿಯುತ್ತದೆ, ಅದನ್ನು ತಿದ್ದಿದ ಬಗೆಯೂ ಉಳಿಯುತ್ತದೆ. ಗಿಟ್‌ನಲ್ಲಿ ಇಂತಹ ಒಂದು ನಮೂದಿಗೆ ಕಮಿಟ್ ಎನ್ನುತ್ತಾರೆ. ಆ ಕ್ಷಣದಲ್ಲಿ ತಾಣದ ಎಲ್ಲ ಕಡತಗಳೂ ಹೇಗಿದ್ದುವು, ಬರೆದವರು ಯಾರು, ಯಾವಾಗ ಬರೆದರು, ಏಕೆ ಬರೆದರು, ಇದಕ್ಕೆ ಹಿಂದಿನ ಕಮಿಟ್ ಯಾವುದು ಎಂಬಿಷ್ಟೂ ಅದರಲ್ಲಿರುತ್ತದೆ. ಬದಲಾಗದ ಕಡತವನ್ನು ಮತ್ತೆ ಬರೆದಿಡದೆ ಹಳೆಯದನ್ನೇ ಬೊಟ್ಟುಮಾಡುವುದರಿಂದ ಸ್ಥಳ ಹೆಚ್ಚು ವ್ಯಯವಾಗುವುದಿಲ್ಲ. ಮಾಡಿದ ಬದಲಾವಣೆ ಬೇಡವೆನಿಸಿದರೆ 'ಗಿಟ್ ರಿವರ್ಟ್' ಎಂಬ ಆಜ್ಞೆ ಅದಕ್ಕೆ ವಿರುದ್ಧವಾದ ಹೊಸ ಕಮಿಟ್ ಒಂದನ್ನು ಬರೆಯುತ್ತದೆ. ಇದು ಗುಮಾಸ್ತನ ಎದುರು ನಮೂದೇ ಸರಿ.

ಪ್ರತಿ ಕಮಿಟ್‌ಗೂ ಅದರ ಒಳಗಿನ ವಿಷಯದಿಂದಲೇ ಗಣಿಸಿದ ಒಂದು ಗುರುತು ಇರುತ್ತದೆ. ವಾಡಿಕೆಯಲ್ಲಿರುವ ಕ್ರಮದಲ್ಲಿ ಅದು 40 ಚಿಹ್ನೆಗಳಷ್ಟು ಉದ್ದ. ಒಂದು ಅಲ್ಪವಿರಾಮ ಬದಲಾದರೂ ಗುರುತು ಬೇರೆಯಾಗುತ್ತದೆ. ಹಿಂದಿನ ಕಮಿಟ್‌ನ ಗುರುತೂ ಈ ಗಣನೆಯಲ್ಲಿ ಸೇರಿರುವುದರಿಂದ, ನಡುವಿನ ಯಾವುದೋ ಒಂದು ನಮೂದನ್ನು ಗುಟ್ಟಾಗಿ ತಿದ್ದಿದರೆ ಅದರ ಮುಂದಿನ ಗುರುತುಗಳೆಲ್ಲ ಬದಲಾಗಿ ಕೃತ್ಯ ಬಯಲಾಗುತ್ತದೆ. ಇದಲ್ಲದೆ ಭಂಡಾರದ ಪ್ರತಿಯನ್ನು ಪೂರ್ತಿಯಾಗಿ ಪಡೆದ ಪ್ರತಿಯೊಬ್ಬನ ಬಳಿಯೂ ಇತಿಹಾಸವೆಲ್ಲ ಇರುತ್ತದೆ. ಒಂದು ಯಂತ್ರ ಕೆಟ್ಟರೆ ಇನ್ನೊಂದರಿಂದ ಮತ್ತೆ ಕಟ್ಟಿಕೊಳ್ಳಬಹುದು.

ಈಗ ಮೇಲೆ ಹೇಳಿದ ಇಬ್ಬರು ವಿದ್ಯಾರ್ಥಿಗಳ ಕೈಗೆ ಗಿಟ್ ಕೊಟ್ಟು ನೋಡೋಣ. ಮೊದಲನೆಯವನು ತಾರೀಖನ್ನು ತಿದ್ದಿ, ಕಮಿಟ್ ಮಾಡಿ, ನಡುವಣ ಭಂಡಾರಕ್ಕೆ ಕಳುಹಿಸುತ್ತಾನೆ. ಎರಡನೆಯವನು ತನ್ನದನ್ನು ಕಳುಹಿಸಹೋದಾಗ ಗಿಟ್ ಒಪ್ಪುವುದಿಲ್ಲ. ನಿನ್ನಲ್ಲಿಲ್ಲದ ಒಂದು ಕಮಿಟ್ ಇಲ್ಲಿದೆ, ಮೊದಲು ಅದನ್ನು ಪಡೆದುಕೊ ಎನ್ನುತ್ತದೆ. ಅವನು ಪಡೆದುಕೊಂಡಾಗ ಗಿಟ್ ಇಬ್ಬರ ಪ್ರತಿಗಳನ್ನೂ, ಇಬ್ಬರಿಗೂ ಸಾಮಾನ್ಯವಾದ ಹಿಂದಿನ ಪ್ರತಿಯನ್ನೂ ಹೋಲಿಸುತ್ತದೆ. ತಾರೀಖು ಒಂದು ಕಡೆ, ಗ್ರಂಥಾಲಯದ ವೇಳೆ ದೂರದ ಇನ್ನೊಂದು ಕಡೆ ಇದ್ದರೆ ಎರಡನ್ನೂ ಕೂಡಿಸಿಕೊಳ್ಳುತ್ತದೆ. ಇದಕ್ಕೆ ಮರ್ಜ್ ಎಂದು ಹೆಸರು. ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ಗಿಟ್ ತಾನಾಗಿ ತೀರ್ಪು ಕೊಡುವುದಿಲ್ಲ. ಎರಡು ಪಾಠಗಳನ್ನೂ ಗೆರೆಹಾಕಿ ತೋರಿಸಿ, ಯಾವುದು ಸರಿಯೆಂದು ನೀವೇ ನಿಶ್ಚಯಿಸಿ ಎಂದು ನಿಂತುಬಿಡುತ್ತದೆ. ಕೊನೆಯ ದಿನ 15ನೆಯ ತಾರೀಖೋ 20ನೆಯ ತಾರೀಖೋ ಎಂಬುದು ಯಂತ್ರಕ್ಕೆ ಗೊತ್ತಿರಲು ಸಾಧ್ಯವಿಲ್ಲವಷ್ಟೆ.

ಹೊಸ ಪ್ರಯೋಗಗಳಿಗೆ ಬ್ರಾಂಚ್, ಎಂದರೆ ಕವಲು ಎಂಬ ಅನುಕೂಲವಿದೆ. ತಾಣದ ಮೊದಲ ಪುಟವನ್ನೇ ಹೊಸದಾಗಿ ಕಟ್ಟಬೇಕೆಂದಿದ್ದರೆ ಮುಖ್ಯ ಕವಲಿನಿಂದ ಇನ್ನೊಂದು ಕವಲನ್ನು ಒಡೆದು ಅಲ್ಲಿ ಕೆಲಸಮಾಡಬಹುದು. ಅದು ಅರ್ಧಕ್ಕೆ ನಿಂತಿದ್ದರೂ ಮುಖ್ಯ ಕವಲಿನಲ್ಲಿ ದಿನದಿನದ ಸಣ್ಣ ತಿದ್ದುಪಡಿಗಳು ಅಡ್ಡಿಯಿಲ್ಲದೆ ಸಾಗುತ್ತವೆ. ಕೆಲಸ ಮುಗಿದು, ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಎರಡನ್ನೂ ಕೂಡಿಸುವುದು. ಇನ್ನು, ಎಂದೋ ನುಸುಳಿದ ಒಂದು ದೋಷ ಯಾವ ಕಮಿಟ್‌ನಿಂದ ಬಂದಿತೆಂದು ಪತ್ತೆಮಾಡಲು 'ಗಿಟ್ ಬೈಸೆಕ್ಟ್' ಎಂಬುದಿದೆ. ಅದು ನಡುವಿನ ಕಮಿಟ್ ಒಂದನ್ನು ತೆಗೆದು ಪರೀಕ್ಷಿಸಿ ಎನ್ನುತ್ತದೆ; ಅಲ್ಲಿ ದೋಷವಿದ್ದರೆ ಹಿಂದಿನ ಅರ್ಧ, ಇಲ್ಲದಿದ್ದರೆ ಮುಂದಿನ ಅರ್ಧ. ಹೀಗೆ ಅರ್ಧರ್ಧ ಕಳೆಯುತ್ತ ಹೋದರೆ 1000 ಕಮಿಟ್‌ಗಳ ನಡುವೆ ಅಡಗಿರುವ ದೋಷ ಸುಮಾರು 10 ಪರೀಕ್ಷೆಗಳಲ್ಲಿ ಸಿಕ್ಕುತ್ತದೆ.

ಇಷ್ಟಾದರೂ ಅರ್ಧ ಕೆಲಸವೇ ಆದಂತಾಯಿತು. ದಾಖಲೆ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಓದುಗರು ನೋಡುವುದು ಭಂಡಾರವನ್ನಲ್ಲ, ಸರ್ವರಿನಲ್ಲಿರುವ ಪ್ರತಿಯನ್ನು. ಭಂಡಾರದಲ್ಲಿರುವುದೂ ಸರ್ವರಿನಲ್ಲಿರುವುದೂ ಒಂದೇ ಎಂಬ ಭರವಸೆ ಇಲ್ಲದಿದ್ದರೆ ಇತಿಹಾಸವೆಲ್ಲ ವ್ಯರ್ಥ. ಆದುದರಿಂದ ಈ ಕೆಲಸದ ಮುಖ್ಯ ನಿಯಮವನ್ನು ಹೀಗೆ ಹೇಳಬಹುದು: ಸರ್ವರಿನಲ್ಲಿ ಯಾರೂ ಕೈಯಿಂದ ಒಂದಕ್ಷರವನ್ನೂ ತಿದ್ದಬಾರದು, ಅಲ್ಲಿಗೆ ಹೋಗುವುದೆಲ್ಲ ಭಂಡಾರದ ಒಂದು ನಿರ್ದಿಷ್ಟ ಕಮಿಟ್‌ನಿಂದಲೇ ಹೋಗಬೇಕು.

ಈ ನಿಯಮವನ್ನು ಮೀರಿದರೆ, ಎಂದರೆ ಯಾವ ಯಂತ್ರದಲ್ಲಿ ಯಾವ ಪ್ರತಿ ಇದೆಯೆಂಬುದು ತಪ್ಪಿಹೋದರೆ, ಏನಾಗಬಹುದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ಸಾಕ್ಷಿಯಾಗಿದೆ. ಅದು ಜಾಲತಾಣದ ಪ್ರಸಂಗವಲ್ಲ, ಷೇರು ಮಾರುಕಟ್ಟೆಯದು; ಆದರೆ ಹೊಸ ಬರಹವನ್ನು ಸರ್ವರುಗಳಿಗೆ ಸಾಗಿಸುವ ಕೆಲಸ ಎರಡರಲ್ಲೂ ಒಂದೇ. ನೈಟ್ ಕ್ಯಾಪಿಟಲ್ ಎಂಬ ದೊಡ್ಡ ಸಂಸ್ಥೆ 2012ರಲ್ಲಿ ತನ್ನ 8 ಸರ್ವರುಗಳಿಗೆ ಹೊಸ ಬರಹವನ್ನು ಕಳುಹಿಸಿತು. ಸಾಗಿಸಿದ ನೌಕರನು 7ಕ್ಕೆ ಮಾತ್ರ ಕಳುಹಿಸಿದ್ದನು. ಎಂಟನೆಯದರಲ್ಲಿ ಹಳೆಯ ಬರಹವೇ ಉಳಿಯಿತು. ಇನ್ನೊಬ್ಬರು ಅದನ್ನು ನೋಡಿ ಖಚಿತಪಡಿಸಬೇಕೆಂಬ ಲಿಖಿತ ಕ್ರಮ ಅಲ್ಲಿರಲಿಲ್ಲ. ಆ ಹಳೆಯ ಬರಹದಲ್ಲಿ 2003ರಿಂದ ಬಳಕೆ ತಪ್ಪಿದ್ದ ಪವರ್ ಪೆಗ್ ಎಂಬ ಒಂದು ಭಾಗವಿತ್ತು. ಹೊಸ ಕೆಲಸವನ್ನು ಎಬ್ಬಿಸಲು ಆರಿಸಿಕೊಂಡ ಸಂಕೇತವೂ, ಹಿಂದೆ ಈ ಪವರ್ ಪೆಗ್ಗನ್ನು ಎಬ್ಬಿಸುತ್ತಿದ್ದ ಸಂಕೇತವೂ ಒಂದೇ ಆಗಿತ್ತು.

ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ 7 ಯಂತ್ರಗಳು ಸರಿಯಾಗಿ ನಡೆದುವು. ಎಂಟನೆಯದರಲ್ಲಿ ಮಲಗಿದ್ದ ಭೂತ ಎದ್ದಿತು. ಅದು 212 ಸಾಮಾನ್ಯ ಬೇಡಿಕೆಗಳನ್ನು ಪೂರೈಸಹೋಗಿ ನಿಲ್ಲದೆ ಕೊಳ್ಳುತ್ತಲೂ ಮಾರುತ್ತಲೂ ಹೋಯಿತು. ತಪ್ಪೆಲ್ಲಿದೆಯೆಂದು ತಿಳಿಯದ ಸಿಬ್ಬಂದಿ ಗಾಬರಿಯಲ್ಲಿ, ಸರಿಯಾಗಿದ್ದ 7 ಯಂತ್ರಗಳಿಂದಲೂ ಹೊಸ ಬರಹವನ್ನು ತೆಗೆದುಹಾಕಿದರು. ಅವುಗಳಲ್ಲೂ ಹಳೆಯ ಭಾಗ ಎಚ್ಚೆತ್ತು ಅನಾಹುತ ಇನ್ನಷ್ಟು ಬೆಳೆಯಿತು. ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದುವು. ನಷ್ಟ 46 ಕೋಟಿ ಡಾಲರುಗಳನ್ನು ಮೀರಿತು. ಮರುವರ್ಷ ಆ ಸಂಸ್ಥೆ ಇನ್ನೊಂದರೊಡನೆ ವಿಲೀನವಾಯಿತು. ಅಲ್ಲಿನ ಸರ್ಕಾರಿ ನಿಯಂತ್ರಣ ಮಂಡಳಿ 1 ಕೋಟಿ 20 ಲಕ್ಷ ಡಾಲರು ದಂಡ ವಿಧಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹಿಂದಿನ ಸ್ಥಿತಿಗೆ ಮರಳುವ ಪ್ರಯತ್ನವೂ ಅವರಿಗೆ ಕೈಕೊಟ್ಟಿತು. ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ ಎಂಬುದು ತಿಳಿಯದಿದ್ದರೆ, ಹಿಂದಕ್ಕೆ ಹೋಗುವುದೂ ಮುಂದಕ್ಕೆ ಹೋಗುವಷ್ಟೇ ಅಪಾಯಕಾರಿ.

ಹಾಗಾದರೆ ಸರಿಯಾದ ಸಾಗಣೆಯ ಕ್ರಮ ಯಾವುದು? ಸಣ್ಣ ತಾಣಕ್ಕೆ ಸುಲಭವಾದ ಒಂದು ವಿಧಾನವಿದೆ. ಸರ್ವರಿನಲ್ಲಿ, ಸಾರ್ವಜನಿಕರಿಗೆ ಕಾಣದ ಜಾಗದಲ್ಲಿ, ಗಿಟ್ ಭಂಡಾರವೊಂದನ್ನಿಟ್ಟು, ಅದರಲ್ಲಿ ಪೋಸ್ಟ್-ರಿಸೀವ್ ಹುಕ್ ಎಂಬ ಚಿಕ್ಕ ಆಜ್ಞಾಪತ್ರವನ್ನು ಬರೆದಿಡುವುದು. ಹೊಸ ಕಮಿಟ್ ಬಂದು ಸೇರಿದೊಡನೆ ಆ ಆಜ್ಞಾಪತ್ರ ತಾನಾಗಿ ನಡೆದು, ಕಡತಗಳನ್ನು ತಾಣದ ಜಾಗದಲ್ಲಿ ಹರಡುತ್ತದೆ. ಮನುಷ್ಯನು ಒಂದೊಂದೇ ಕಡತವನ್ನು ನೆನಪಿಟ್ಟು ಸಾಗಿಸಬೇಕಾದ ಕಷ್ಟ ತಪ್ಪುತ್ತದೆ. ದೊಡ್ಡ ತಾಣಗಳಲ್ಲಿ ಪ್ರತಿ ಬಿಡುಗಡೆಗೂ ಒಂದು ಹೊಸ ಕೋಶವನ್ನು ಮಾಡಿ, ಎಲ್ಲವನ್ನೂ ಅಲ್ಲಿ ಸಿದ್ಧಪಡಿಸಿದ ಮೇಲೆ 'ಈಗಿನದು' ಎಂಬ ಒಂದೇ ಕೊಂಡಿಯನ್ನು ಹಳೆಯ ಕೋಶದಿಂದ ಹೊಸದಕ್ಕೆ ತಿರುಗಿಸುತ್ತಾರೆ. ಓದುಗನಿಗೆ ಅರೆಬರೆ ತಾಣ ಕಾಣುವುದಿಲ್ಲ. ಹೊಸದರಲ್ಲಿ ದೋಷ ಕಂಡರೆ ಕೊಂಡಿಯನ್ನು ಹಿಂದಕ್ಕೆ ತಿರುಗಿಸಿದರಾಯಿತು. ಇವೆರಡಕ್ಕೂ ಮುಂಚೆ, ಕಮಿಟ್ ಭಂಡಾರಕ್ಕೆ ಬಂದೊಡನೆ ಬೇರೊಂದು ಯಂತ್ರದಲ್ಲಿ ಪರೀಕ್ಷೆಗಳನ್ನು ತಾನಾಗಿ ನಡೆಸಿ, ಉತ್ತೀರ್ಣವಾದುದನ್ನು ಮಾತ್ರ ಮುಂದಕ್ಕೆ ಬಿಡುವ ಏರ್ಪಾಡನ್ನೂ ಮಾಡಬಹುದು. ಯಂತ್ರಗಳು ಎಷ್ಟಿದ್ದರೂ ಪ್ರತಿಯೊಂದರಲ್ಲೂ ಇರುವ ಕಮಿಟ್‌ನ ಗುರುತನ್ನು ಕೇಳಿ ಹೋಲಿಸಿ ನೋಡುವುದು ಕೊನೆಯ ಮೆಟ್ಟಿಲು. ನೈಟ್ ಸಂಸ್ಥೆಯ ಎಂಟನೆಯ ಯಂತ್ರ ಇಂತಹ ಹೋಲಿಕೆಯಲ್ಲಿ ಮಾರುಕಟ್ಟೆ ತೆರೆಯುವ ಮುಂಚೆಯೇ ಸಿಕ್ಕಿಬೀಳುತ್ತಿತ್ತು.

ಗಿಟ್‌ನಿಂದ ಆಗದ ಕೆಲಸಗಳನ್ನೂ ಹೇಳಬೇಕು. ಮೊದಲನೆಯದಾಗಿ, ಡೇಟಾಬೇಸಿನ ಪಾಸ್‌ವರ್ಡ್ ಮೊದಲಾದ ರಹಸ್ಯಗಳನ್ನು ಭಂಡಾರದಲ್ಲಿ ಬರೆಯಬಾರದು. ಮರುದಿನ ಅಳಿಸಿದರೂ ಹಿಂದಿನ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ; ಎಲ್ಲವನ್ನೂ ನೆನಪಿಡುವ ಗುಣವೇ ಇಲ್ಲಿ ದೋಷವಾಗುತ್ತದೆ. ಹಾಗೆ ಹೊರಬಿದ್ದ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸುವುದೇ ದಾರಿ. ಅದೇ ರೀತಿ, ಸರ್ವರಿನಲ್ಲಿ 'ಡಾಟ್ ಗಿಟ್' ಎಂಬ ಕೋಶ ಹೊರಗಿನವರ ಕಣ್ಣಿಗೆ ಬೀಳುವಂತಿದ್ದರೆ ತಾಣದ ಇತಿಹಾಸವೆಲ್ಲ ಪರರ ಪಾಲಾದೀತು. ಎರಡನೆಯದಾಗಿ, ಡೇಟಾಬೇಸಿನಲ್ಲಿರುವ ವಿಷಯವೂ ಬಳಕೆದಾರರು ಕಳುಹಿಸಿದ ಚಿತ್ರಗಳೂ ಸಾಮಾನ್ಯವಾಗಿ ಭಂಡಾರದ ಹೊರಗಿರುತ್ತವೆ. ಅವುಗಳಿಗೆ ಬೇರೆ ರಕ್ಷಣೆ ಬೇಕು. ಗಿಟ್ ಭಂಡಾರಗಳನ್ನಿಡಲು ಸ್ಥಳ ಕೊಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿಯೇ 2017ರ ಜನವರಿ 31ರಂದು ಮುಖ್ಯ ಡೇಟಾಬೇಸಿನ ಕಡತಗಳು ಕೈತಪ್ಪಿನಿಂದ ಅಳಿಸಿಹೋದುವು. ನಂಬಿದ್ದ ರಕ್ಷಣಾ ಪ್ರತಿಗಳು ಒಂದೊಂದಾಗಿ ಕೆಲಸಕ್ಕೆ ಬಾರದೆ ಹೋಗಿ, ಸುಮಾರು 6 ಗಂಟೆಗಳಷ್ಟು ಹಳೆಯ ಪ್ರತಿಯೊಂದರಿಂದ ತಾಣವನ್ನು ಎಬ್ಬಿಸಬೇಕಾಯಿತು. ಜನರ ಗಿಟ್ ಭಂಡಾರಗಳು ಸುರಕ್ಷಿತವಾಗಿದ್ದುವು. ಹೋದದ್ದು ಡೇಟಾಬೇಸಿನಲ್ಲಿದ್ದ ಟಿಪ್ಪಣಿಗಳು ಮುಂತಾದುವು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದೆಂದರೆ, ರಕ್ಷಣಾ ಪ್ರತಿಯಿಂದ ತಾಣವನ್ನು ಮತ್ತೆ ಕಟ್ಟುವ ಅಭ್ಯಾಸವನ್ನು ಮೊದಲೇ ಮಾಡಿ ನೋಡಿರಬೇಕು.

ಕನ್ನಡದಲ್ಲಿ ತಾಣಗಳನ್ನು ಕಟ್ಟುವವರಿಗೆ ಎರಡು ವಿಶೇಷ ಮಾತುಗಳು. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಅದನ್ನು ಅಂಕಿಗಳ ಸಾಲಾಗಿ ತೋರಿಸುವುದುಂಟು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ 3 ಬೈಟುಗಳಷ್ಟಿದ್ದು, 'ಕ' ಎಂಬುದು 340, 262, 225 ಎಂಬ ಅಂಕಿಗಳಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ಹೆದರಬೇಕಾಗಿಲ್ಲ. 'ಕೋರ್ ಡಾಟ್ ಕೋಟ್‌ಪಾತ್' ಎಂಬ ಏರ್ಪಾಡನ್ನು 'ಫಾಲ್ಸ್' ಎಂದು ಬದಲಿಸಿದರೆ ಹೆಸರು ಕನ್ನಡದಲ್ಲಿಯೇ ಕಾಣುತ್ತದೆ. ಇನ್ನೊಂದು: ಗಿಟ್ ವ್ಯತ್ಯಾಸವನ್ನು ಸಾಲು ಸಾಲಾಗಿ ಹೋಲಿಸುತ್ತದೆ. ಇಡೀ ಪ್ಯಾರಾ ಒಂದೇ ಸಾಲಿನಲ್ಲಿದ್ದರೆ ಒಂದು ಒತ್ತಕ್ಷರವನ್ನು ತಿದ್ದಿದರೂ ಪ್ಯಾರಾ ಪೂರ್ತಿ ಬದಲಾದಂತೆ ತೋರುತ್ತದೆ. ಎಚ್‌ಟಿಎಂಎಲ್ ಕಡತದಲ್ಲಿ ವಾಕ್ಯಕ್ಕೊಂದು ಸಾಲಿನಂತೆ ಬರೆದರೆ ಪುಟದ ನೋಟಕ್ಕೆ ಭಂಗವಿಲ್ಲ. ತಿದ್ದಿದ್ದು ಯಾವ ವಾಕ್ಯ ಎಂಬುದು ಒಡನೆಯೇ ತಿಳಿಯುತ್ತದೆ.

ಕಡೆಯದಾಗಿ, ಕಮಿಟ್‌ನೊಡನೆ ಬರೆಯುವ ಟಿಪ್ಪಣಿಯ ವಿಷಯ. ಏನು ಬದಲಾಯಿತೆಂಬುದನ್ನು ಗಿಟ್ ತಾನೇ ತೋರಿಸಬಲ್ಲದು. ಏಕೆ ಬದಲಾಯಿತೆಂಬುದನ್ನು ಬರೆದವನೊಬ್ಬನೇ ಹೇಳಬಲ್ಲನು. 'ತಿದ್ದಿದೆ' ಎಂದು ಬರೆದರೆ ಬರೆಯದಿದ್ದಂತೆಯೇ. 'ವಿಶ್ವವಿದ್ಯಾನಿಲಯದ ಹೊಸ ಸುತ್ತೋಲೆಯಂತೆ ಶುಲ್ಕದ ಕೊನೆಯ ದಿನವನ್ನು 15ಕ್ಕೆ ಬದಲಿಸಿದೆ' ಎಂದು ಬರೆದರೆ ಎರಡು ವರ್ಷಗಳ ಮೇಲೆ ಆ ಕೆಲಸಕ್ಕೆ ಬರುವ ಅಪರಿಚಿತನಿಗೂ ಅರ್ಥವಾಗುತ್ತದೆ. ಕಾಲೇಜಿನ ತಾಣಗಳನ್ನು ಕಟ್ಟುವ ವಿದ್ಯಾರ್ಥಿಗಳು ಮೂರು ವರ್ಷಗಳಲ್ಲಿ ಬಿಟ್ಟು ಹೋಗುವವರು, ತಾಣ ಉಳಿಯುವುದು. ಗಿಟ್ ಉಚಿತವಾಗಿ ದೊರೆಯುತ್ತದೆ, ಸಾಮಾನ್ಯ ಯಂತ್ರದಲ್ಲಿಯೂ ನಡೆಯುತ್ತದೆ; ಒಬ್ಬನೇ ಕೆಲಸಮಾಡುವಾಗಲೂ ಉಪಯೋಗಕ್ಕೆ ಬರುತ್ತದೆ. ಆಸಕ್ತರು ಇಂದು ಬರೆಯುತ್ತಿರುವ ಚಿಕ್ಕ ಪುಟದ ಕೋಶದಲ್ಲಿಯೇ 'ಗಿಟ್ ಇನಿಟ್' ಎಂದು ಪ್ರಾರಂಭಿಸಬಹುದು. ಮೊದಲ ಕಮಿಟ್‌ನ ಟಿಪ್ಪಣಿಯಿಂದಲೇ ಕಾರಣವನ್ನು ಬರೆಯುವ ಅಭ್ಯಾಸ ಮಾಡಿಕೊಂಡರೆ, ಮುಂದೆ ಬರುವವರು ಆ ದಫ್ತರವನ್ನು ತೆರೆದು ಓದಿ ಕೆಲಸವನ್ನು ಮುಂದುವರಿಸಬಲ್ಲರು.